ಟೆಕ್ಸಸ್‌ನಲ್ಲಿ ಮನೆ ಕಟ್ಟಲು ಲೈಸೆನ್ಸ್ ಬೇಡ, ಪೈಪ್ ಹಾಕಲು ಬೇಕು! ಯಾಕೆ?

ನಮಸ್ಕಾರ. ಡಾಲಸ್ ಹತ್ತಿರ ಮನೆ ಮಾಡಿರುವ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಕಡೆ ಜೋರು ಆಲಿಕಲ್ಲು ಮಳೆ ಆಯಿತಂತೆ. ಮಾರನೇ ದಿನವೇ ಯಾರೋ ಬಾಗಿಲು ತಟ್ಟಿ, "ನಿಮ್ಮ ಛಾವಣಿ ಹಾಳಾಗಿದೆ, ನಾವು ಹೊಸದು ಹಾಕಿಕೊಡ್ತೀವಿ" ಅಂದರಂತೆ. ಇವರಿಗೆ ಯಾವ ಲೈಸೆನ್ಸ್ ತೋರಿಸಿ ಅಂತ ಕೇಳಬೇಕು?

ಯಾವುದೂ ಇಲ್ಲ. ಛಾವಣಿ ಕೆಲಸದವರಿಗೆ ಟೆಕ್ಸಸ್ ರಾಜ್ಯ ಲೈಸೆನ್ಸ್ ಕೊಡುವುದೇ ಇಲ್ಲ. ಇಡೀ ಮನೆ ಕಟ್ಟಿಕೊಡುವ ಜನರಲ್ ಕಾಂಟ್ರಾಕ್ಟರ್‌ಗೂ ಇಲ್ಲ. ಕೆಲವು ನಗರಗಳು ಹೆಸರು ನೋಂದಾಯಿಸಿ ಅನ್ನುತ್ತವೆ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಾದರೆ ಕಾಂಟ್ರಾಕ್ಟರ್ ಲೈಸೆನ್ಸ್‌ಗೆ 4 ವರ್ಷದ ಅನುಭವ, ಪರೀಕ್ಷೆ, ಮೇಲೆ 25,000 ಡಾಲರ್ ಬಾಂಡ್, ಅಂದರೆ ಗ್ರಾಹಕರಿಗೆ ನಷ್ಟವಾದರೆ ತುಂಬಿಕೊಡುವ ಖಾತರಿ ಬೇಕು.

ಆದರೆ ಅದೇ ಟೆಕ್ಸಸ್‌ನಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್, ಎಸಿ ಕಾಂಟ್ರಾಕ್ಟರ್ ಇವರಿಗೆಲ್ಲ ರಾಜ್ಯದ ಲೈಸೆನ್ಸ್ ಬೇಕೇ ಬೇಕು. ಗೋಡೆ ಎಬ್ಬಿಸುವವನನ್ನು ಬಿಟ್ಟು ಪೈಪ್ ಹಾಕುವವನನ್ನು ಯಾಕೆ ಹಿಡಿದರು? ನನ್ನನ್ನು ಕಾಡಿದ್ದು ಇದು.

[ಪರದೆಯಲ್ಲಿ: ನ್ಯೂ ಲಂಡನ್, ಪೂರ್ವ ಟೆಕ್ಸಸ್, 1937 ಮಾರ್ಚ್ 18]

ಇಲ್ಲಿ ಸ್ವಲ್ಪ ನಿಲ್ಲೋಣ. ಸುತ್ತಲೂ ಎಣ್ಣೆ ಬಾವಿ. ಆ ದುಡ್ಡಿನಿಂದ ಕಟ್ಟಿದ ದೊಡ್ಡ ಶಾಲೆ. ಗ್ಯಾಸ್ ಬಿಲ್ ಉಳಿಸಲು ಶಾಲೆಯವರು ಕಂಪನಿಯ ಗ್ಯಾಸ್ ಬಿಟ್ಟು, ಎಣ್ಣೆ ಕ್ಷೇತ್ರದಲ್ಲಿ ಸಂಸ್ಕರಣೆ ಆದ ಮೇಲೆ ಉಳಿಯುವ ಗ್ಯಾಸಿನ ಲೈನಿಗೆ ಪೈಪ್ ಜೋಡಿಸಿಕೊಂಡರು. ಆ ಕಡೆ ಹಲವರು ಹೀಗೇ ಮಾಡುತ್ತಿದ್ದರು. ಆಗ ಆ ಗ್ಯಾಸಿಗೆ ವಾಸನೆ ಇರಲಿಲ್ಲ. ಎಲ್ಲೋ ಸೋರಿತು, ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ಮೇಲೆ ಮಕ್ಕಳು ಪಾಠ ಕೇಳುತ್ತಿದ್ದರು. ಯಾರ ಮೂಗಿಗೂ ಸುಳಿವು ಸಿಗಲಿಲ್ಲ. ವರ್ಕ್‌ಶಾಪಿನಲ್ಲಿ ಮೇಷ್ಟ್ರೊಬ್ಬರು ಮರ ಉಜ್ಜುವ ಕರೆಂಟ್ ಯಂತ್ರದ ಸ್ವಿಚ್ ಹಾಕಿದರು. ಕಿಡಿ ಹಾರಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು.

ಇದಾದ ಮೇಲೆ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಲೇಬೇಕು ಎಂಬ ನಿಯಮ ಟೆಕ್ಸಸ್‌ನಲ್ಲಿ ಬಂತು. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದಾಗ ಗಪ್ಪಂತ ಮೂಗಿಗೆ ಬಡಿಯುತ್ತಲ್ಲ, ಅದೇ ಜಾತಿಯ ರಾಸಾಯನಿಕ, ಮರ್ಕ್ಯಾಪ್ಟನ್. ಅದೇ ವರ್ಷ ಎಂಜಿನಿಯರ್‌ಗಳು ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬೇಕು ಎಂಬ ಕಾನೂನೂ ಆಯಿತು. 1947ರಲ್ಲಿ ಪ್ಲಂಬರ್ ಲೈಸೆನ್ಸ್ ಕಾನೂನು ಬಂತು. ಅಲ್ಲಿ ಮನೆಯೊಳಗಿನ ಗ್ಯಾಸ್ ಪೈಪ್ ಕೂಡ ಪ್ಲಂಬರ್ ಕೆಲಸವೇ.

ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಗ್ಯಾಸು, ಕರೆಂಟು, ಕೊಳಚೆ ನೀರು: ಇವುಗಳಲ್ಲಿ ತಪ್ಪಾದರೆ ಪಕ್ಕದ ಮನೆಯವರ ಜೀವಕ್ಕೂ ಕುತ್ತು. ಅಲ್ಲಿ ಟೆಕ್ಸಸ್ ಲೈಸೆನ್ಸ್ ಕೇಳುತ್ತದೆ. ಮಿಕ್ಕಿದ್ದು ನೀವುಂಟು, ಕಾಂಟ್ರಾಕ್ಟರ್ ಉಂಟು.

ಆ ಪ್ಲಂಬರ್ ಲೈಸೆನ್ಸೂ 2019ರಲ್ಲಿ ಹೋಗಿಯೇ ಬಿಡುತ್ತಿತ್ತು! ಟೆಕ್ಸಸ್‌ನಲ್ಲಿ ಸರ್ಕಾರಿ ಮಂಡಳಿಗಳಿಗೆ ಕೊನೆಯ ದಿನಾಂಕ ಇರುತ್ತದೆ. ಶಾಸಕರು ಮುಂದುವರಿಸದಿದ್ದರೆ ಮಂಡಳಿ ಮುಚ್ಚುತ್ತದೆ. ಪ್ಲಂಬರ್ ಮಂಡಳಿಯ ಮಸೂದೆ ಪಾಸಾಗದೆ ಅಧಿವೇಶನ ಮುಗಿದುಹೋಯಿತು. ಪ್ಲಂಬರ್‌ಗಳೇ ಗಲಾಟೆ ಎಬ್ಬಿಸಿದರು. ಗವರ್ನರ್ ಗ್ರೆಗ್ ಅಬಾಟ್ ಏನು ಮಾಡಿದರು ಗೊತ್ತಾ? 2017ರ ಹಾರ್ವಿ ಚಂಡಮಾರುತದ ವಿಪತ್ತು ಅಧಿಕಾರ ಬಳಸಿ ಮಂಡಳಿಯನ್ನು ಉಳಿಸಿದರು. ಪ್ರವಾಹದಲ್ಲಿ ಹಾಳಾದ ಮನೆಗಳ ರಿಪೇರಿಗೆ ಪ್ಲಂಬರ್‌ಗಳು ಬೇಕು ಅನ್ನೋದು ಕಾರಣ. 2021ರಲ್ಲಿ ಶಾಸಕರು ಅದನ್ನು ಸರಿಯಾಗಿ ಮುಂದುವರಿಸಿದರು.

ಮನೆ ಕಟ್ಟುವವರಿಗೂ 2003ರಲ್ಲಿ ಒಂದು ಆಯೋಗ ಬಂದಿತ್ತು, ಬಿಲ್ಡರ್‌ಗಳು ಅಲ್ಲಿ ನೋಂದಾಯಿಸಬೇಕಿತ್ತು. ಅದನ್ನು ಯಾರೂ ಉಳಿಸಲಿಲ್ಲ. 2010ಕ್ಕೆ ಮುಚ್ಚಿತು.

ಛಾವಣಿ ವಿಷಯದಲ್ಲಿ ನನಗೆ ಟೆಕ್ಸಸ್ ಮೇಲೆ ತಕರಾರಿದೆ. ಗೋಡೆಗೆ ಬಣ್ಣ ಕೆಟ್ಟದಾಗಿ ಹೊಡೆದರೆ ಕಣ್ಣಿಗೆ ಕಾಣುತ್ತದೆ. ಛಾವಣಿ ಕೆಲಸ ಕೆಳಗೆ ನಿಂತವರಿಗೆ ಕಾಣುತ್ತಾ? ಮುಂದಿನ ಮಳೆಗೇ ಗೊತ್ತಾಗೋದು. ಅಷ್ಟರಲ್ಲಿ ಬಿರುಗಾಳಿ ಬೆನ್ನಟ್ಟಿ ಬಂದವರು ಬೇರೆ ಊರು ಸೇರಿರುತ್ತಾರೆ. ಅಲ್ಲಿಗೂ ಒಂದು ಪರೀಕ್ಷೆ ಇರಬೇಕಿತ್ತು.

ಸಮಯ ಕಮ್ಮಿ ಇದೆ, ಅಲ್ಲಿರುವವರಿಗೆ ಬೇಕಾದ್ದನ್ನು ಬೇಗ ಹೇಳ್ತೀನಿ. ವಿಪತ್ತು ಘೋಷಣೆಯಾದ ಕಡೆ ಹೊರಗಿನಿಂದ ಬಂದ ಕಾಂಟ್ರಾಕ್ಟರ್, ಕೆಲಸ ಶುರುವಾಗುವ ಮೊದಲು ಅಡ್ವಾನ್ಸ್ ಕೇಳುವ ಹಾಗಿಲ್ಲ. ವಿಮೆಯಲ್ಲಿ ನಿಮ್ಮ ಪಾಲಿನ ಹಣ, ಅಂದರೆ ಡಿಡಕ್ಟಿಬಲ್, "ಅದನ್ನ ನಾವೇ ನೋಡ್ಕೋತೀವಿ" ಅಂದರೆ ನಂಬಬೇಡಿ. 2019ರ ಕಾನೂನಿನ ಪ್ರಕಾರ ಅದು ತಪ್ಪು. ಛಾವಣಿ ಹಾಕುವವರೇ ವಿಮಾ ಕ್ಲೇಮಿನ ವಕಾಲತ್ತು ವಹಿಸುವುದೂ ತಪ್ಪು.

ಬಿಲ್ ಬಾಕಿ ಉಳಿದರೆ ನೀವು ವಾಸವಿರುವ ಮನೆಯ ಮೇಲೆ ಕಾಂಟ್ರಾಕ್ಟರ್ ಹಕ್ಕು ಹೂಡಬೇಕಾದರೆ ಕೆಲಸಕ್ಕೆ ಮುಂಚೆ ಬರಹದ ಒಪ್ಪಂದ ಆಗಿರಬೇಕು, ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿರಬೇಕು. ಇದು ಟೆಕ್ಸಸ್ ಸಂವಿಧಾನದಲ್ಲೇ ಇದೆ! ಹಾಗಾಗಿ ಕಾಂಟ್ರಾಕ್ಟರ್ ನಿಮ್ಮಿಬ್ಬರ ಸಹಿಗೆ ಕಾಗದ ಕೊಟ್ಟಾಗ, ಇಬ್ಬರೂ ಕೂತು ಪೂರ್ತಿ ಓದಿ, ಆಮೇಲೆ ಸಹಿ ಮಾಡಿ.

ಕೊನೆಯದು, ತುಂಬಾ ಮುಖ್ಯ. ಕೆಲಸದಲ್ಲಿ ಪೆಟ್ಟಾದವರ ಖರ್ಚು ನೋಡಿಕೊಳ್ಳುವ ಕೆಲಸಗಾರರ ಪರಿಹಾರ ವಿಮೆ, ಟೆಕ್ಸಸ್‌ನಲ್ಲಿ ಕೆಲಸಗಾರರನ್ನು ಇಟ್ಟುಕೊಂಡ ಹೆಚ್ಚಿನ ಖಾಸಗಿ ಮಾಲೀಕರಿಗೆ ಕಡ್ಡಾಯ ಅಲ್ಲ. ನಿಮ್ಮ ಛಾವಣಿ ಹತ್ತುವ ಹುಡುಗ ಜಾರಿ ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು? ಅವನು ಏಣಿ ಹತ್ತುವ ಮೊದಲೇ ಕೇಳಿ. ವಿಮೆಯ ಪತ್ರ ತೋರಿಸಿದರೆ, ಅದರಲ್ಲಿರುವ ಏಜೆಂಟ್‌ಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.