ಫೋನ್ ಎತ್ತದ ಓನರ್‌ಗೆ ಒಂದು ಸ್ಪೀಡ್ ಪೋಸ್ಟ್

ಈ ವಿಡಿಯೋದಲ್ಲಿ ಟಕ್ ಟಕ್ ಸದ್ದು ಕೇಳಿಸುತ್ತಿದೆಯಲ್ಲ, ಅದು ಮೇಸ್ತ್ರಿಯದ್ದು. ಮೇಲೆ ಟೆರೇಸಿನಲ್ಲಿ ಹಳೇ ಸಿಮೆಂಟ್ ಕೆತ್ತುತ್ತಿದ್ದಾರೆ. ನಾಲ್ಕು ದಿನದಿಂದ ಮಳೆ ಬಿಟ್ಟಿದೆ. ಸೆಪ್ಟೆಂಬರ್‌ನಲ್ಲಿ ಮಂಗಳೂರಿಗೆ ಇಷ್ಟು ಬಿಸಿಲು ಸಿಕ್ಕಿದ್ದೇ ಪುಣ್ಯ. ಈ ಸದ್ದಿಗೆ ನಾನು ಜೂನ್‌ನಿಂದ ಕಾಯುತ್ತಿದ್ದೆ.

ನಮ್ಮದು ಜೆಪ್ಪು ಕಡೆ ಒಂದು ಮಹಡಿ ಮನೆ. ಬಾಡಿಗೆ 12,000, ಅಡ್ವಾನ್ಸ್ 60,000. ಇದು ಹಂಚಿನ ಊರು. 1865ರಲ್ಲೇ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರು. ಪಕ್ಕದ ಅಜ್ಜಿಯ ಹಳೇ ಹಂಚಿನ ಮನೆಯೊಳಗೆ ಈ ಮಳೆಗಾಲದಲ್ಲಿ ಒಂದು ಹನಿ ಬೀಳಲಿಲ್ಲ. ಸೋರಿದ್ದು ನಮ್ಮ ಕಾಂಕ್ರೀಟ್ ಟೆರೇಸು.

ಈ ಗೋಡೆ ನೋಡಿ. ಇಲ್ಲಿಂದ ಇಲ್ಲಿಯವರೆಗೆ ಕಪ್ಪಗೆ ಬೂಸ್ಟು. ಇದರ ಕೆಳಗೇ ಸ್ವಿಚ್ ಬೋರ್ಡು. ಜುಲೈಯಲ್ಲಿ ಒಂದು ರಾತ್ರಿ ಫ್ಯಾನ್ ಹಾಕಲು ಹೋದಾಗ ಕೈ ಜುಮ್ ಅಂತು. ಅವತ್ತಿನಿಂದ ಆ ರೂಮಿನಲ್ಲಿ ಮಲಗಿಲ್ಲ.

ಓನರ್‌ಗೆ ಹೇಳಲಿಲ್ಲ ಅಂತಲ್ಲ. "ಅಂಕಲ್, ರೂಮಲ್ಲಿ ನೀರು ಬೀಳ್ತಾ ಉಂಟು" ಅಂದರೆ, "ಮಳೆಗಾಲ ಅಲ್ವಾ ಮಾರಾಯ್ತಿ, ಎಲ್ಲರ ಮನೆಯೂ ಸೋರುದೇ. ಮಳೆ ಬಿಡ್ಲಿ, ಮಾಡುವಾ" ಅನ್ನುತ್ತಿದ್ದರು. ಆಮೇಲೆ ಫೋನ್ ಎತ್ತುವುದೇ ಬಿಟ್ಟರು. ಬಾಡಿಗೆ ಒಂದು ದಿನ ತಡವಾದರೆ ಮಾತ್ರ ಅವರದ್ದೇ ಫೋನ್ ಬರುತ್ತಿತ್ತು.

ನನಗೂ ಸಿಟ್ಟು ಬಂತು. ಬಾಡಿಗೆ ಕೊಡುವುದೇ ಬೇಡ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಹಾಗೇ ಮಾಡುವವಳಿದ್ದೆ. ಅಷ್ಟರಲ್ಲಿ ಯಾರೋ 15100 ನಂಬರ್ ಕೊಟ್ಟರು. ಅದು ಕಾನೂನು ನೆರವಿನ ಸಹಾಯವಾಣಿ. ಅಲ್ಲಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ನನಗೆ ಇದು ಗೊತ್ತೇ ಇರಲಿಲ್ಲ.

ವಕೀಲರು ನನ್ನ ಕತೆ ಕೇಳಿ ಮೊದಲು ಹೇಳಿದ್ದು, "ಬಾಡಿಗೆ ಮಾತ್ರ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ತಪ್ಪು ನಿಮ್ಮ ತಲೆಗೆ ಬರ್ತದೆ." ಎರಡನೆಯದ್ದಾಗಿ ಕೇಳಿದ್ದು, "ಅಗ್ರಿಮೆಂಟ್ ಓದಿದ್ದೀರಾ?"

ಓದಿರಲಿಲ್ಲ. ಹನ್ನೊಂದು ತಿಂಗಳಿನದ್ದು, ಸ್ಟ್ಯಾಂಪ್ ಪೇಪರ್, ಸಹಿ, ಅಷ್ಟೇ. ನೀವು ಓದಿದ್ದೀರಾ? ಸುಮ್ನೆ ಕೇಳಿದೆ.

ನಾನು ಬಾಡಿಗೆ ಕಾಯ್ದೆ ಅಂತ ಏನೋ ಒಂದು ನಮ್ಮನ್ನೆಲ್ಲ ಕಾಯುತ್ತದೆ ಅಂದುಕೊಂಡಿದ್ದೆ. ಕರ್ನಾಟಕ ಬಾಡಿಗೆ ಕಾಯ್ದೆ ಇದೆ, 1999ರದ್ದು. ಆದರೆ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ ಅದು ಯಾವ ಊರಲ್ಲೂ ಅನ್ವಯಿಸುವುದಿಲ್ಲ. ಈಗ ಅಷ್ಟಕ್ಕೆ ಮನೆ ಬಿಡಿ, ಒಂದು ರೂಮು ಸಿಗುತ್ತದಾ? ಹಾಗಾಗಿ ನಮ್ಮಂಥವರಿಗೆ ಉಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ್ದು.

ಅದರ 108ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ಸಾಕಷ್ಟು ಸಮಯ ಕಳೆದರೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಇಲ್ಲಿ 'ಮಾಡಿಸಲೇಬೇಕಾದ' ಅನ್ನುವುದೇ ಗಂಟು. ಎಲ್ಲ ರಿಪೇರಿಯೂ ಓನರ್‌ದೇ ಅಂತ ಈ ಕಾಯ್ದೆ ಹೇಳುವುದಿಲ್ಲ. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ನಮ್ಮ ಕೈ ಗಟ್ಟಿ. ನಮ್ಮದರಲ್ಲಿ ಮೂರನೇ ಪುಟದಲ್ಲಿ ಒಂದು ಸಾಲಿತ್ತು: ಕಟ್ಟಡದ ದೊಡ್ಡ ರಿಪೇರಿಗಳು ಮಾಲೀಕರ ಹೊಣೆ. ಆ ಸಾಲು ಬರೆಸಿದ್ದು ನಾನಲ್ಲ, ಬ್ರೋಕರೂ ಅಲ್ಲ. ಟೈಪ್ ಮಾಡಿದವರ ಹಳೇ ಫೈಲಿನಿಂದ ಬಂದಿರಬೇಕು. ಅವರಿಗೆ ಒಂದು ನಮಸ್ಕಾರ.

ಹಾಗಾಗಿ ಮೊದಲು ಓನರ್‌ಗೆ ನೋಟಿಸ್ ಅಂತ ಒಂದು ಪತ್ರ ಬರೆದೆ. ಇಗೋ, ಇದು ಅದರ ಕಾಪಿ. ಒಂದೇ ಪುಟ. ಎಲ್ಲಿ ಸೋರುತ್ತಿದೆ, ಯಾವ ದಿನಾಂಕದಿಂದ, ಯಾವ ಯಾವ ದಿನ ಫೋನ್ ಮಾಡಿದೆ, ಅಗ್ರಿಮೆಂಟಿನ ಯಾವ ಸಾಲು. ಹದಿನೈದು ದಿನದಲ್ಲಿ ರಿಪೇರಿ ಶುರು ಮಾಡದಿದ್ದರೆ ನಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯುತ್ತೇನೆ ಅಂತ ಕೊನೆಗೆ. ಜೊತೆಗೆ ಫೋಟೋಗಳು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ. ಅದನ್ನೇ ವಾಟ್ಸಾಪ್‌ಗೂ ಹಾಕಿದೆ. ಎರಡು ನೀಲಿ ಗೆರೆ ಬಿತ್ತು.

ಮೂರನೇ ದಿನ ಫೋನ್ ಬಂತು. "ನೋಟಿಸ್ ಎಲ್ಲ ಕಳಿಸ್ತೀರಾ? ಇಷ್ಟ ಇಲ್ಲದಿದ್ರೆ ನಾಳೆಯೇ ಖಾಲಿ ಮಾಡಿ." ಇಷ್ಟು ದಿನ ನೀನು ಅನ್ನುತ್ತಿದ್ದವರು ಅವತ್ತು ನೀವು ಅಂದರು.

ಸುಳ್ಳು ಯಾಕೆ, ಹೆದರಿಕೆ ಆಯಿತು. ಆದರೆ ಹಾಗೆ ನಾಳೆಯೇ ಖಾಲಿ ಮಾಡಿಸಲು ಆಗುವುದಿಲ್ಲ. ನಮ್ಮ ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಅಂತಿದೆ. ತಿಂಗಳ ಬಾಡಿಗೆಯ ಮನೆಗೆ ಕರಾರಿನಲ್ಲಿ ಏನೂ ಇಲ್ಲದಿದ್ದರೂ ಕಾಯ್ದೆ ಪ್ರಕಾರ ಹದಿನೈದು ದಿನ ಕೊಡಲೇಬೇಕು. ನಾವಾಗಿ ಬಿಡದಿದ್ದರೆ ಆಮೇಲೂ ಕೋರ್ಟಿಗೇ ಹೋಗಬೇಕು, ಬೀಗ ಬದಲಾಯಿಸುವಂತಿಲ್ಲ. ಹಾಗೆ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಕೇಸು ಹಾಕಿ ಮನೆ ವಾಪಸ್ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್. ಇದನ್ನೆಲ್ಲ ಅವರಿಗೆ ಒಪ್ಪಿಸಲಿಲ್ಲ. "ಅಗ್ರಿಮೆಂಟ್ ನೋಡಿ ಅಂಕಲ್" ಅಂದೆ, ಅಷ್ಟೇ.

ಹದಿನೈದು ದಿನ ಕಳೆಯಿತು. ಯಾರೂ ಬರಲಿಲ್ಲ. ಮಳೆ ಬಿಡುವವರೆಗೆ ಟರ್ಪಾಲ್ ಕಟ್ಟಿಕೊಂಡೆ. ಇಬ್ಬರು ಮೇಸ್ತ್ರಿಗಳಿಂದ ರೇಟ್ ಬರೆಸಿ, ಅದನ್ನೂ ಓನರ್‌ಗೆ ಕಳಿಸಿದೆ.

ಈಗ ಮೇಲೆ ಬನ್ನಿ, ತೋರಿಸುತ್ತೇನೆ. ನೀರು ಹೋಗುವ ತೂತು ಇದು. ಒಳಗೆ ತೆಂಗಿನ ಗರಿ, ಎಲೆ, ಒಂದು ಕಾಲುಚೀಲ. ಯಾರದ್ದೋ ಗೊತ್ತಿಲ್ಲ. ನೀರು ಇಲ್ಲೇ ನಿಂತು ಪ್ಯಾರಾಪೆಟ್ ಬುಡದ ಬಿರುಕಿನಿಂದ ಇಳಿದಿದೆ. "ಜೂನ್‌ನಲ್ಲೇ ನೋಡಿದ್ರೆ ಎರಡು ಸಾವಿರದಲ್ಲಿ ಮುಗೀತಿತ್ತು" ಅಂದರು ಮೇಸ್ತ್ರಿ. ಈಗ 8,400. ಈ ತಿಂಗಳು ಓನರ್‌ಗೆ ಬಿಲ್ಲಿನ ಜೊತೆ 3,600 ಕಳಿಸುತ್ತೇನೆ. ಬಡ್ಡಿ ಬೇಡ ಅಂತ ಬಿಟ್ಟೆ. ನಾಳೆ ಇದೇ ಬೂಸ್ಟು ತೋರಿಸಿ ಪೇಂಟಿಂಗ್ ಅಂತ ಅಡ್ವಾನ್ಸ್ ಮುರಿಯಬಾರದಲ್ಲ, ಅದಕ್ಕೇ ಈ ವಿಡಿಯೋದ ಒಂದು ಕಾಪಿ ಬೇರೆ ಇಟ್ಟಿದ್ದೇನೆ.

ಸಂಜೆ ಓನರ್ ಸ್ಕೂಟರಿನಲ್ಲಿ ಬಂದರು. ಮೇಲೆ ಹತ್ತಿದರು. ಹಸಿ ಸಿಮೆಂಟನ್ನು ಬಗ್ಗಿ ನೋಡಿದರು.

"ನಮ್ಮ ಮೇಸ್ತ್ರಿಯಾದ್ರೆ ಏಳು ಸಾವಿರದಲ್ಲಿ ಮಾಡ್ತಿದ್ದ."

"ಹೌದಾ? ಅವರ ನಂಬರ್ ಕೊಡಿ ಅಂಕಲ್. ಬಾತ್‌ರೂಮ್ ಪೈಪೂ ಸೋರ್ತಾ ಉಂಟು."

ಕಳಿಸುತ್ತೇನೆ ಅಂದು ಹೋದರು. ಈಗ ರಾತ್ರಿ ಹತ್ತು ಗಂಟೆ. ನಂಬರ್ ಇನ್ನೂ ಬಂದಿಲ್ಲ.