ಗಡಿ ದಾಟಲಾಗದವರು

ಕೇಳುಗ ಬಂಧುಗಳೇ, ನಮಸ್ಕಾರ.

ನಾನು ಗೋವಾದ ವಾಸ್ಕೋದವಳು. ವಿಜಯಪುರ, ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮವರು ಇಲ್ಲಿ ಬಹಳ. "ರೇಷನ್ ಕಾರ್ಡು ಊರಾಗೈತ್ರಿ, ನಾವು ಇಲ್ಲಿ ಅದೀವಿ" ಎಂದು ಅವರು ಹೇಳಿದಾಗೆಲ್ಲ ನನಗೆ, ನಿಯಮದ ಗೆರೆಯಾಚೆ ಉಳಿದವರಿಗೂ ನೆರವಾದ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯನ್ನು ನಡೆಸಿದ ಜಪಾನಿನ ಸಡಾಕೊ ಒಗಾಟ ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1927ರಲ್ಲಿ, ಟೋಕಿಯೊದಲ್ಲಿ. ಮುತ್ತಜ್ಜ ಇನುಕಾಯ್ ಜಪಾನಿನ ಪ್ರಧಾನಿಯಾಗಿದ್ದರು. 1932ರಲ್ಲಿ ಸೇನೆಯ ಯುವಕರೇ ಅವರನ್ನು ಗುಂಡಿಟ್ಟು ಕೊಂದರು. ಸಡಾಕೊಗೆ ಆಗ ನಾಲ್ಕು ವರ್ಷ. ಮುಂದೆ ಅಮೆರಿಕದ ಬರ್ಕ್ಲಿಯಲ್ಲಿ ಪಿಎಚ್.ಡಿ. ಮಾಡುವಾಗ ಅವರು ಕೆದಕಿದ್ದು, ಜಪಾನಿನ ಸೇನೆ ಚೀನಾದ ಮಂಚೂರಿಯಾಕ್ಕೆ ನುಗ್ಗಿದ್ದು ಹೇಗೆ ಎಂಬುದನ್ನು. ಮನೆಯ ಗಾಯ ಸುಮ್ನೆ ಮಾಯುವುದಿಲ್ಲ, ಅಲ್ವಾ? ಆಮೇಲೆ ಪ್ರಾಧ್ಯಾಪಕಿಯಾದರು. 1976ರಿಂದ ವಿಶ್ವಸಂಸ್ಥೆಯಲ್ಲಿ ಜಪಾನಿನ ರಾಜತಾಂತ್ರಿಕರಾಗಿ ಕೆಲಸ ಮಾಡಿದರು.

1991ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಮುಖ್ಯಸ್ಥರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು. ಕೆಲವೇ ವಾರಗಳಲ್ಲಿ ಇರಾಕಿನ ಲಕ್ಷಾಂತರ ಕುರ್ದ್ ಜನಾಂಗದವರು ಅಧ್ಯಕ್ಷ ಸದ್ದಾಂ ಹುಸೇನನ ಸೇನೆಗೆ ಹೆದರಿ ಮನೆಬಿಟ್ಟರು. ಬಹಳ ಜನ ಇರಾನಿಗೆ ಹೋದರು. ಸುಮಾರು 4 ಲಕ್ಷ ಜನ ಟರ್ಕಿಯ ಗಡಿಯ ಬೆಟ್ಟಗಳಿಗೆ ಬಂದರು. ಟರ್ಕಿ ಗಡಿ ಮುಚ್ಚಿತು. ಬೆಟ್ಟದ ಮೇಲೆ ಹಿಮ, ಕೈಯಲ್ಲಿ ಕೂಸುಗಳು.

ಕಾನೂನಿನ ಪ್ರಕಾರ ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಇವರಿನ್ನೂ ಇರಾಕಿನ ನೆಲದಲ್ಲೇ ಇದ್ದರು. ಇವರು ನಮ್ಮ ಪಾಲಿಗೆ ಬರುವುದಿಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಕಚೇರಿಯೊಳಗೂ ಒಮ್ಮತವಿರಲಿಲ್ಲ. ಒಗಾಟ ತಮ್ಮ ಜನರನ್ನು ಇರಾಕಿನೊಳಗೇ ಕಳಿಸಿದರು. ಕಾನೂನಿನ ಮಾತಿಗಿಂತ ಜೀವ ಮೊದಲು ಎಂದುಕೊಂಡರು. ಅವರ ಇಡೀ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ನಿರ್ಧಾರವೇ.

ಆಮೇಲೆ ಯುರೋಪಿನ ಬೋಸ್ನಿಯಾದ ಯುದ್ಧ. ಮುತ್ತಿಗೆಯಲ್ಲಿದ್ದ ಅಲ್ಲಿನ ರಾಜಧಾನಿ ಸರಾಯೆವೊಗೆ 1992ರಿಂದ 1996ರವರೆಗೆ ವಿಮಾನದಲ್ಲಿ ಹಿಟ್ಟು, ಔಷಧ ಹೋಯಿತು. ಗಿಡ್ಡ ಮೈಕಟ್ಟಿನ ಈ ಹೆಂಗಸು ಗುಂಡುನಿರೋಧಕ ಜಾಕೆಟ್ ತೊಟ್ಟು ಅಲ್ಲಿಗೇ ಹೋದರು. 1993ರಲ್ಲಿ ಕಾದಾಡುವವರು ಅನ್ನವನ್ನೇ ರಾಜಕೀಯ ಮಾಡಿದಾಗ ಸಿಟ್ಟಿನಿಂದ ನೆರವು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಅದನ್ನು ಮತ್ತೆ ಶುರು ಮಾಡಿಸಿದರು. ಹಸಿದವರ ಕಡೆಯಿಂದ ನೋಡಿದರೆ ಮಹಾಕಾರ್ಯದರ್ಶಿ ಮಾಡಿದ್ದೇ ಸರಿ ಎನಿಸುತ್ತದೆ. ಆದರೆ ಆ ಸಿಟ್ಟೂ ನನಗೆ ಅರ್ಥವಾಗುತ್ತದೆ.

2003ರಿಂದ 2012ರವರೆಗೆ ಅವರು ಜೈಕಾ ಎಂಬ ಜಪಾನಿನ ನೆರವು ಸಂಸ್ಥೆಯನ್ನು ನಡೆಸಿದರು. 2019ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ದಕ್ಷಿಣ ಗೋವಾಕ್ಕೆ ಸಾಲಾವಲಿ ಅಣೆಕಟ್ಟಿನ ನೀರು ಹೆಚ್ಚು ತರುವ ಯೋಜನೆಗೂ ಜೈಕಾದ ಸಾಲವಿದೆ. ನಮ್ಮ ವಾಸ್ಕೋದ ನಳಕ್ಕೆ ಬರುವುದೂ ಸಾಲಾವಲಿ ನೀರೇ.