ಅಟ್ಟದ ಮೇಲಿನ ಲ್ಯಾಬಿಗೂ ಒಂದು ಲೆವೆಲ್ ಇದೆ

ನಮಸ್ಕಾರ. ಮನೆ ಅಟ್ಟದಲ್ಲೋ ಕೊಟ್ಟಿಗೆ ಪಕ್ಕದ ಕೋಣೆಯಲ್ಲೋ ಸಣ್ಣ ಬಯಾಲಜಿ ಲ್ಯಾಬ್ ಮಾಡಿಕೊಂಡವರಿಗೆ ಈ ಮಾತು. ನಿಮ್ಮನ್ನು ಹೆದರಿಸೋಕೆ ಬಂದಿಲ್ಲ. ಮಾಡಿ, ಖಂಡಿತ ಮಾಡಿ.

ಆದರೆ ಬಯೋಸೇಫ್ಟಿ ಲೆವೆಲ್, ಅಂದರೆ ಜೀವಾಣುಗಳ ಜೊತೆ ಕೆಲಸ ಮಾಡುವಾಗ ಎಷ್ಟು ಎಚ್ಚರ ಬೇಕು ಅನ್ನೋ ಮಟ್ಟ, ಅಂದ ಕೂಡಲೇ ಎಲ್ಲರೂ ಬಿಳಿ ಸೂಟು, ಗಾಜಿನ ಬಾಗಿಲು ನೆನಪು ಮಾಡಿಕೊಳ್ಳುತ್ತಾರೆ. ಒಂದರಿಂದ (ಕಡಿಮೆ ಅಪಾಯ) ನಾಲ್ಕರವರೆಗಿನ (ಅತಿ ಹೆಚ್ಚು ಅಪಾಯ) ಈ ಲೆವೆಲ್ ಶುರುವಾಗುವುದು ಕೋಣೆಯಿಂದ ಅಲ್ಲ, ನೀವು ಏನು ಬೆಳೆಸುತ್ತೀರಿ ಅನ್ನೋದರಿಂದ. ಬ್ರೆಡ್ಡಿನ ಯೀಸ್ಟ್, ಲ್ಯಾಬಿಗೆಂದೇ ಇರುವ ಇ. ಕೋಲಿ ಬ್ಯಾಕ್ಟೀರಿಯಾದ ಕೆ-12 ತಳಿ, ಇವೆಲ್ಲ ಒಂದನೇ ಲೆವೆಲ್. ಮನೆಯಲ್ಲಿ ಅಷ್ಟಕ್ಕೇ ನಿಲ್ಲಿಸಿ.

ಎಡವಟ್ಟಾಗೋದು ಎಲ್ಲಿ ಗೊತ್ತಾ? ತೋಟದ ಮಣ್ಣು ತಂದು ಪ್ಲೇಟಿಗೆ, ಅಂದರೆ ಜೀವಾಣು ಬೆಳೆಸುವ ಮುಚ್ಚಳದ ತಟ್ಟೆಗೆ, ಹಾಕಿದಾಗ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಹಾಗಾಗಿ ಅದರ ಲೆವೆಲ್ಲೂ ಗೊತ್ತಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಗಳಿಗೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಅನ್ನೋ ಸೋಂಕಿನ ರೋಗಿಗಳು ಬರುತ್ತಾರೆ, ಅದನ್ನು ತರುವ ಬ್ಯಾಕ್ಟೀರಿಯಾ ಇರೋದೇ ಒದ್ದೆ ಮಣ್ಣಲ್ಲಿ, ಗದ್ದೆ ನೀರಲ್ಲಿ. ಮಣ್ಣಿನ ಪ್ಲೇಟ್ ಮಾಡಲೇಬೇಕಾ? ಮುಚ್ಚಳಕ್ಕೆ ಸುತ್ತ ಟೇಪ್ ಹಾಕಿ, ಸಾಧಾರಣ ಕೋಣೆಯ ಬಿಸಿಯಲ್ಲಿಡಿ, 37 ಡಿಗ್ರಿಗೆ ಏರಿಸಬೇಡಿ, ಅದು ನಮ್ಮ ಮೈ ಬಿಸಿ, ನಮಗೆ ರೋಗ ತರುವವು ಚೆನ್ನಾಗಿ ಬೆಳೆಯುವ ಬಿಸಿ. ಎಷ್ಟೇ ಚಂದದ ಬಣ್ಣ ಬಂದರೂ ಮುಚ್ಚಳ ತೆಗೆದು ಮೂಸಬೇಡಿ. ಗಂಟಲಿನಿಂದ, ಗಾಯದಿಂದ ತೆಗೆದದ್ದನ್ನು ಬೆಳೆಸೋದಂತೂ ಬೇಡವೇ ಬೇಡ.

ಕೆಲಸ ಮುಗಿದ ಪ್ಲೇಟನ್ನು ತೆರೆಯದೆ ಹಾಗೇ ಕುಕ್ಕರಿಗೆ ಹಾಕಿ. 15 ಪೌಂಡ್ ಒತ್ತಡಕ್ಕೆ ಒಳಗೆ 121 ಡಿಗ್ರಿ ಆಗುತ್ತದೆ, ಲ್ಯಾಬುಗಳಲ್ಲಿ ಆವಿಯಿಂದ ಜೀವಾಣು ಕೊಲ್ಲುವ ಆಟೋಕ್ಲೇವ್ ಯಂತ್ರ ಮಾಡೋದೂ ಅದನ್ನೇ. ಮೂರು ಕೂಗಿಗೆ ಇಳಿಸಿದರೆ ಅನ್ನ ಆಗುತ್ತದೆ, ಇದು ಆಗಲ್ಲ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು, ಅಮ್ಮ ಬೈದರೂ ಸರಿ. ಬ್ಲೀಚ್ ಬಳಸುವವರು ಅದಕ್ಕೆ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಸ್ಪಿರಿಟ್ ಒರೆಸಿದ ಕೈ ಒಣಗುವ ಮೊದಲು ಬೆಂಕಿ ಹತ್ತಿರ ಹೋಗಬೇಡಿ.

ಜೀನ್ ತಿದ್ದುವ ಕೆಲಸದ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಅದಕ್ಕೆ 1989ರಿಂದಲೇ ನಿಯಮ ಇದೆ, ಸಂಸ್ಥೆಯ ಬಯೋಸೇಫ್ಟಿ ಸಮಿತಿ ಬೇಕು. ಅಟ್ಟದಲ್ಲಿ ಸಮಿತಿ ಇರಲ್ಲ.

ಇನ್ನು ನಮ್ಮೂರಿನದೇ ವಿಷಯ. ಮಂಗನ ಕಾಯಿಲೆ 1957ರಲ್ಲಿ ಗೊತ್ತಾಗಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಅಮೆರಿಕದ ಲೆಕ್ಕದಲ್ಲಿ ಆ ವೈರಸ್ ನಾಲ್ಕನೇ ಲೆವೆಲ್, ಅದರ ಮೇಲೆ ಕೆಲಸ ಮಾಡಿದ ಲ್ಯಾಬಿನವರಿಗೇ ಕಾಯಿಲೆ ಬಂದಿದ್ದಿದೆ. ಕುತೂಹಲ ಅಂತ ಆ ಕಾಯಿಲೆ ಹರಡುವ ಉಣುಗು ಹಿಡಿದು ಡಬ್ಬಿಗೆ ತುಂಬೋದು, ಸತ್ತ ಮಂಗನಿಂದ ಸ್ಯಾಂಪಲ್ ತೆಗೆಯೋದು, ಇದು ಧೈರ್ಯ ಅಲ್ಲ, ತಲೆಹರಟೆ. ಮಂಗ ಸತ್ತಿದ್ದು ಕಂಡರೆ ದೂರದಿಂದಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಲೇಜಿನ ಮೇಷ್ಟ್ರುಗಳಿಗೂ ಒಂದು ಕೇಳಿಕೆ. ಅಟ್ಟದ ಲ್ಯಾಬಿನವರು ಬಂದರೆ ಬೈದು ಕಳಿಸಬೇಡಿ ಸಾರ್. ಶನಿವಾರ ಮಧ್ಯಾಹ್ನ ನಿಮ್ಮ ಆಟೋಕ್ಲೇವ್, ಒಂದು ಬೆಂಚು ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತರೆ ಅರ್ಧ ಜನ ಅಟ್ಟ ಬಿಟ್ಟು ನಿಮ್ಮ ಹತ್ತಿರವೇ ಬರುತ್ತಾರೆ.